ಎಂಟನೇ ಸಾಲಿನಲ್ಲಿದ್ದ ಪ್ರಾಣಿಶಾಸ್ತ್ರ

ನಮ್ಮ ಕುನ್ನಂಕುಳಂನಲ್ಲಿ ಕಾಗದ ಹೊಲಿಯದ ಮನೆಯೇ ಇಲ್ಲ. ಆದರೂ ಚುಮ್ಮಾರ್ ಮತ್ತು ಅವನ ಮಗ ಪೌಲೋಸ್ ಒಂದೇ ಒಂದು ದಿನ ಕೈಕಟ್ಟಿ ಕೂತರೆ ಕೇರಳದ ಅರ್ಧ ವಿದ್ಯೆ ಬಿಡಿ ಹಾಳೆಗಳಾಗಿ ಹಾರಿ ಅರಬ್ಬಿ ಸಮುದ್ರ ಸೇರುತ್ತದೆ. ಕಾಲೇಜು ಹುಡುಗರ ಪ್ರಬಂಧಗಳಿಗೆ ರಟ್ಟು ಹಾಕುವುದು ಅವರ ಕಸುಬು. ಚುಮ್ಮಾರನಿಗೆ ಈಗ ಎಪ್ಪತ್ತಾರು. ಹದಿನಾಲ್ಕನೇ ವಯಸ್ಸಿಗೆ ಸೂಜಿ ಹಿಡಿದವನು ಇನ್ನೂ ಬಿಟ್ಟಿಲ್ಲ. ಅವನು ಹೊಲಿದ ದಾರವನ್ನೆಲ್ಲ ಬಿಚ್ಚಿ ಎಳೆದರೆ ಜೆರುಸಲೇಮಿಗೆ ಹೋಗಿ, ಅಲ್ಲಿ ಚಹಾ ಕುಡಿದು ವಾಪಸ್ ಬರುವಷ್ಟು ಉದ್ದವಾಗುತ್ತದೆ.

ಪೌಲೋಸನ ಹೆಸರು ಇನ್ನೊಂದು ಕಾರಣಕ್ಕೆ ದೊಡ್ಡದು. ಅವನ ಹೆಬ್ಬೆರಳಿಗೆ ಕಣ್ಣಿದೆ. ಮುನ್ನೂರು ಪುಟದ ಕಟ್ಟನ್ನು ಒಮ್ಮೆ ಪರ್ ಎಂದು ಹಾರಿಸಿದರೆ ಸಾಕು, ಎಲ್ಲಿ ಪುಟ ತಪ್ಪಿದೆ, ಎಲ್ಲಿ ತಲೆಕೆಳಗಾಗಿದೆ ಎಂದು ಹೇಳಿಬಿಡುತ್ತಾನೆ. ಇಪ್ಪತ್ತೆಂಟು ವರ್ಷದಲ್ಲಿ ಒಂದೇ ಒಂದು ಪ್ರಬಂಧದಲ್ಲಿ ಅರವತ್ತಮೂರನೇ ಪುಟ ತಲೆಕೆಳಗಾಗಿ ಹೊರಟುಹೋಗಿತ್ತು. ಅದನ್ನು ಸರಿಮಾಡಲು ಅಂಟಿನ ಡಬ್ಬಿ ಹಿಡಿದು ರೈಲು ಹತ್ತಿ ಕಾಸರಗೋಡಿಗೆ ಹೋಗಿಬಂದ. ಹೊಲಿದ ಪುಸ್ತಕದೊಳಗೆ ತಪ್ಪು ಉಳಿಯುವುದೆಂದರೆ ಅವನಿಗೆ ಊಟದಲ್ಲಿ ಕೂದಲು ಸಿಕ್ಕಂತೆ.

ಇಂಥ ಮನೆಯ ಒಬ್ಬಳೇ ಮಗಳು ಫೆಬಾ ಹನ್ನೆರಡನೇ ತರಗತಿಯಲ್ಲಿ ನೂರಕ್ಕೆ ತೊಂಬತ್ತನಾಲ್ಕು ತೆಗೆದು ಕೂತಳು. ಈಗ ಪದವಿ ನಾಲ್ಕು ವರ್ಷ. ಒಂದು ವಿಷಯ ಮೇಜರ್, ಜೊತೆಗೆ ಎರಡು ಮೈನರ್. ಮೇಜರ್ ಯಾವುದು ಅನ್ನುವ ಪ್ರಶ್ನೆ ಮೇ ತಿಂಗಳ ಕೊನೆಯ ವಾರದಲ್ಲಿ, ಮತ್ತಿಮೀನಿನ ಸಾರಿನ ಜೊತೆ ಊಟದ ಮೇಜಿಗೆ ಬಂತು.

"ಕಾಮರ್ಸ್," ಎಂದ ಪೌಲೋಸ್, ಮುಳ್ಳು ಬಿಡಿಸುತ್ತ.

"ನರ್ಸಿಂಗ್," ಎಂದಳು ಅವನ ಹೆಂಡತಿ ಮೇರ್ಲಿ. "ನನ್ನ ತಂಗಿ ಲಿಸಿ ಐರ್ಲೆಂಡಲ್ಲಿ ಎರಡು ಕಾರು ಇಟ್ಟಿದ್ದಾಳೆ."

"ಎರಡು ಕಾರು ಇಟ್ಟುಕೊಂಡೂ ಕ್ರಿಸ್ಮಸ್‌ಗೆ ಅಕ್ಕನ ಮಾವನಿಗೆ ಒಂದು ಬನಿಯನ್ ಕಳಿಸಲಿಲ್ಲ ಅವಳು," ಎಂದ ಚುಮ್ಮಾರ್. "ಯಾವ ವಿಷಯದ ಬಗ್ಗೆ ಬೇಕಾದರೂ ನನ್ನ ಕೇಳಿ. ಅರವತ್ತೆರಡು ವರ್ಷ ಎಲ್ಲರ ಮುಖ ನೋಡಿದ್ದೀನಿ. ಕೆಮಿಸ್ಟ್ರಿಯವರ ಅಂಗಿ ತೂತು. ಅರ್ಥಶಾಸ್ತ್ರದವರು ಹತ್ತು ರೂಪಾಯಿಗೆ ಅರ್ಧ ಗಂಟೆ ಚೌಕಾಸಿ ಮಾಡ್ತಾರೆ. ಇತಿಹಾಸದವರು ಮೊದಲ ಪುಟ ಕೊನೆಗೆ ಇಟ್ಟು ತರ್ತಾರೆ. ಮಲಯಾಳಂನವರು ಅಂಗಡಿ ಮುಚ್ಚೋ ಹೊತ್ತಿಗೆ ಬಂದು ಅಳ್ತಾರೆ. ಕಾಮರ್ಸಿನವರು ಪಕ್ಕದವನ ಪ್ರಬಂಧಕ್ಕೆ ತಮ್ಮ ಹೆಸರು ಹಾಕಿ ತರ್ತಾರೆ."

"ಅಪ್ಪಾ, ನೀವು ಸುಮ್ಮನೆ ಉಣ್ಣಿ," ಎಂದ ಪೌಲೋಸ್.

"ನಾನು ಸುಮ್ಮನೆ ಉಂಡಿದ್ದು ಯಾವತ್ತು?"

ಫೆಬಾ ತಟ್ಟೆಯ ಅಂಚಿಗೆ ಮುಳ್ಳುಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. "ನಾನು ಪ್ರಾಣಿಶಾಸ್ತ್ರ ತಗೋತೀನಿ," ಎಂದಳು.

ಮೇಜಿನ ಮೇಲೆ ಫ್ಯಾನು ತಿರುಗುವುದೂ ನಿಂತಿತು. ನಿಜವಾಗಿ ಕರೆಂಟು ಹೋದದ್ದು, ಆದರೆ ಹೊತ್ತು ನೋಡಿಕೊಂಡೇ ಹೋಯಿತು.

"ಯಾವ ಪ್ರಾಣಿ?" ಎಂದ ಚುಮ್ಮಾರ್, ಕುತೂಹಲದಿಂದ.

"ಏರೋಪ್ಲೇನ್ ಚಿಟ್ಟೆ."

ಪೌಲೋಸ್ ಕೈ ತೊಳೆಯಲು ಎದ್ದವನು ಹಾಗೇ ನಿಂತ. "ನಾವು ಚಿಕ್ಕವರಿದ್ದಾಗ ಅದರ ಬಾಲಕ್ಕೆ ದಾರ ಕಟ್ಟಿ ಆಡ್ತಿದ್ವಿ. ಅದಕ್ಕೆ ನಾಲ್ಕು ವರ್ಷ ಕಾಲೇಜು ಬೇಕಾ? ನೋಡು ಮಗಳೇ, ಕಾಲೇಜಿನವರು ಈಗ ಪ್ರಬಂಧ ಪೆನ್ ಡ್ರೈವಲ್ಲಿ ಕೊಟ್ಟರೆ ಸಾಕು ಅಂತಿದ್ದಾರೆ. ಕಳೆದ ವರ್ಷ ಬಂದ ಕೆಲಸದಲ್ಲಿ ಅರ್ಧ ಈ ವರ್ಷ ಇಲ್ಲ. ನಾಳೆ ಹೊಲಿಯೋಕೆ ಏನೂ ಇರಲ್ಲ. ಕಾಮರ್ಸ್ ಓದಿದರೆ ಬ್ಯಾಂಕು, ಆಡಿಟರ್ ಆಫೀಸು, ಏನಾದರೂ ಒಂದು ಕುರ್ಚಿ ಸಿಗುತ್ತೆ. ಚಿಟ್ಟೆ ಹಿಂದೆ ಹೋದರೆ ಯಾವ ಕುರ್ಚಿ?"

"ಕುರ್ಚಿ ಇರಲ್ಲ. ಗದ್ದೆಯಲ್ಲಿ ನಿಲ್ಲಬೇಕು," ಎಂದಳು ಫೆಬಾ.

"ಕೇಳಿದ್ಯಾ ಮೇರ್ಲಿ? ನಿಲ್ಲೋಕೆ ಡಿಗ್ರಿ ಬೇಕಂತೆ ಇವಳಿಗೆ."

ಫೆಬಾಳಿಗೆ ಈ ಹುಚ್ಚು ಹತ್ತಿದ್ದು ಅವರ ಬೈಂಡಿಂಗ್ ಕಾರ್ಖಾನೆಯ ಒಳಗಿನ ಕಪಾಟಿನಿಂದ. ರಟ್ಟು ಹಾಕಿಸಲು ಕೊಟ್ಟು, ಮತ್ತೆ ಬಂದು ಒಯ್ಯದ ಪ್ರಬಂಧಗಳನ್ನು ಚುಮ್ಮಾರ್ ಅಲ್ಲಿ ಇಡುತ್ತಾನೆ. ಒಂದನ್ನೂ ರದ್ದಿಗೆ ಹಾಕಿದವನಲ್ಲ. ಮಹಾಪೂರ ಬಂದ ವರ್ಷ ಮನೆಯ ಅಕ್ಕಿಚೀಲ ಕೆಳಗೇ ಬಿಟ್ಟು ಆ ಕಪಾಟನ್ನು ಅಟ್ಟಕ್ಕೆ ಹತ್ತಿಸಿದ. ಮೇರ್ಲಿ ಅದನ್ನು ಇವತ್ತಿಗೂ ಮರೆತಿಲ್ಲ. ಅಲ್ಲಿ ಮೂವತ್ತೊಂದು ಪುಸ್ತಕಗಳಿದ್ದವು. ಅದರಲ್ಲಿ ಒಂದು, ನೀರು ನಿಲ್ಲುವ ಕೋಳ್ ಗದ್ದೆಗಳ ಏರೋಪ್ಲೇನ್ ಚಿಟ್ಟೆಗಳ ಮೇಲೆ ಮುಲ್ಲಶ್ಶೇರಿಯ ರತ್ನವಲ್ಲಿ ಎನ್ನುವವಳು ಬರೆದ ಎಂ.ಎಸ್ಸಿ. ಪ್ರಬಂಧ. ಫೆಬಾ ಅದನ್ನು ಹನ್ನೊಂದನೇ ವಯಸ್ಸಿನಲ್ಲಿ ಚಿತ್ರಕ್ಕಾಗಿ ತೆಗೆದಳು. ಹದಿನೆಂಟಾದರೂ ವಾಪಸ್ ಇಟ್ಟಿರಲಿಲ್ಲ.

ಅರ್ಜಿ ಹಾಕುವ ದಿನ ಪೌಲೋಸ್ ತಾನೇ ಮಗಳ ಜೊತೆ ಬಿನೋಯಿಯ ಕಂಪ್ಯೂಟರ್ ಅಂಗಡಿಗೆ ಹೋದ. ಬೇಕಾದ ಕಾಲೇಜು, ಬೇಕಾದ ವಿಷಯ ಎಲ್ಲವನ್ನೂ ಸಾಲಾಗಿ ಬರೆಯಬೇಕು. ಮೇಲಿನದು ಸಿಕ್ಕಿದರೆ ಕೆಳಗಿನದಕ್ಕೆ ಬೆಲೆಯಿಲ್ಲ. ಒಂದರಿಂದ ಏಳರವರೆಗೆ ಪೌಲೋಸ್ ಜಿಲ್ಲೆಯಲ್ಲಿದ್ದ ಅಷ್ಟೂ ಕಾಮರ್ಸ್ ಹೇಳಿದ.

"ಎಂಟು?" ಎಂದ ಬಿನೋಯ್.

ಪೌಲೋಸ್ ಮಗಳ ಮುಖ ನೋಡಿದ. "ತ್ರಿಶೂರಿನ ಕಾಲೇಜಲ್ಲಿ ಪ್ರಾಣಿಶಾಸ್ತ್ರ ಹಾಕಪ್ಪ. ಅವಳ ಸಮಾಧಾನಕ್ಕೆ."

ಆ ವಾರವಿಡೀ ಫೆಬಾ ಬೆಳಿಗ್ಗೆ ಮೈದಾ ಅಂಟಿಗೆ ಮೈಲುತುತ್ತು ಬೆರೆಸಿ ಕೊಟ್ಟಳು, ಮಧ್ಯಾಹ್ನ ರಟ್ಟು ಕತ್ತರಿಸಿದಳು, ಸಂಜೆ ಪಾತ್ರೆ ತೊಳೆದಳು. ಎಷ್ಟು ಶಬ್ದವಿಲ್ಲದೆ ತೊಳೆದಳೆಂದರೆ ಮೇರ್ಲಿಗೆ ಭಯವಾಯಿತು.

"ಒಂದು ಲೋಟನಾದರೂ ಕುಕ್ಕೇ," ಎಂದಳು ತಾಯಿ. "ಮನೇಲಿ ಯಾರೂ ಇಲ್ಲ ಅನ್ನಿಸುತ್ತೆ."

ಜೂನ್ ಎರಡನೇ ಶುಕ್ರವಾರ ಪೌಲೋಸನ ಫೋನಿಗೆ ಸಂದೇಶ ಬಂತು. ತೆರೆದರೆ ಮಗಳ ಹೆಸರು, ತ್ರಿಶೂರಿನ ಕಾಲೇಜು, ಕಾಮರ್ಸ್. ಮೊದಲನೇ ಸಾಲೇ! ಪೌಲೋಸ್ ಅಂಟು ಮೆತ್ತಿದ ಕೈಯಲ್ಲೇ ಫೋನ್ ಹಿಡಿದು ಬೀದಿಗೆ ಓಡಿದ. ಆ ಫೋನು ಮೂರು ದಿನ ಕೈ ಬಿಟ್ಟು ಬರಲಿಲ್ಲ.

"ಅಪ್ಪಾ, ಅದು..." ಎಂದಳು ಫೆಬಾ.

"ಗೊತ್ತು ಗೊತ್ತು, ನಿನಗೆ ಬೇಜಾರು. ಒಂದು ತಿಂಗಳಲ್ಲಿ ಸರಿಹೋಗುತ್ತೆ."

"ಅದಲ್ಲ, ಅಲ್ಲಿ ಮೇಲೆ ಏನು ಬರೆದಿದೆ ಅಂದರೆ..."

"ಮೇರ್ಲೀ! ಭಾನುವಾರಕ್ಕೆ ಎಷ್ಟು ಕಿಲೋ ಹೇಳಲಿ?"

ಭಾನುವಾರ ಚರ್ಚಿನಲ್ಲಿ ಕುರ್ಬಾನ ಪೂಜೆ ಮುಗಿದ ಮೇಲೆ ಪಾದ್ರಿ ಅಚ್ಚನ್ ಬಲಿಪೀಠದ ಮುಂದೆ ನಿಂತು ಫೆಬಾಳ ಸೀಟನ್ನು ಸಭೆಗೆ ತಿಳಿಸಿದರು. ಚುಮ್ಮಾರ್ ಚರ್ಚಿನ ಮೆಟ್ಟಿಲ ಮೇಲೆ ಅದನ್ನು ಜಿಲ್ಲೆಗೆ ಮೊದಲನೇ ಸೀಟು ಮಾಡಿದ, ಗೇಟಿನ ಹತ್ತಿರ ಬರುವಷ್ಟರಲ್ಲಿ ಕೇರಳಕ್ಕೆ, ಚಹಾದಂಗಡಿಯಲ್ಲಿ ದಕ್ಷಿಣ ಭಾರತಕ್ಕೆ. ಮನೆಯಲ್ಲಿ ತೆಂಗಿನ ಚೂರು ಹಾಕಿ ಹುರಿದ ದನದ ಮಾಂಸ, ಬಾಳೆಕಾಯಿ ಹಾಕಿದ ಹಂದಿ, ಬಾತುಕೋಳಿ ಸಾರು, ಒಂದು ಗುಡ್ಡದಷ್ಟು ಪಾಲಪ್ಪಂ. ವಾಸನೆಗೆ ಗುರುವಾಯೂರು ರಸ್ತೆಯ ಬಸ್ಸುಗಳು ನಿಲ್ದಾಣವಿಲ್ಲದ ಕಡೆ ನಿಂತವು. ಉಪಕಾರ ಮಾಡಿದವನೆಂದು ಬಿನೋಯಿಯನ್ನು ಪೌಲೋಸ್ ತನ್ನ ಪಕ್ಕದಲ್ಲೇ ಕೂರಿಸಿಕೊಂಡ.

"ಹಾಕಿಸಿಕೋ ಬಿನೋಯ್. ನಿನ್ನ ಕೈಗುಣ."

"ಚೆನ್ನಾಗಿದೆ ಪೌಲೋಸೇಟ್ಟಾ. ಆದರೆ ಇದೇನು ವಿಶೇಷ ಇವತ್ತು? ಮೇರ್ಲಿ ಚೇಚಿ ಹುಟ್ಟುಹಬ್ಬವಾ?"

"ಏ, ಮಗಳಿಗೆ ಸೀಟು ಸಿಕ್ಕಿದ್ದಕ್ಕೆ!"

ಬಿನೋಯಿಯ ದವಡೆ ನಿಧಾನವಾಯಿತು. "ಸೀಟಾ? ಎಲ್ಲಿ ಬಂತು? ಮೊನ್ನೆ ಬಂದದ್ದು ಟ್ರಯಲ್ ಅಲ್ಲವಾ. ಈ ಸಾಲಿನಲ್ಲಿ ಬರೆದರೆ ಏನು ಸಿಗಬಹುದು ಅಂತ ತೋರಿಸೋದು, ಅಷ್ಟೇ. ನಿಜವಾದ್ದು ಇಪ್ಪತ್ತೊಂದಕ್ಕೆ. ಅದಕ್ಕೂ ಮೊದಲು ಬೇಕಾದರೆ ಸಾಲು ಬದಲಾಯಿಸಬಹುದು. ಗುರುವಾರ ಸಂಜೆ ಐದರವರೆಗೆ."

ಹಜಾರದಲ್ಲಿ ನಲವತ್ತು ಬಾಯಿ ಒಟ್ಟಿಗೆ ಅಗಿಯುವುದು ನಿಲ್ಲಿಸಿದವು.

"ನೀನು ಹೇಳಬಾರದಿತ್ತೇನೇ?" ಎಂದಳು ಮೇರ್ಲಿ ಮಗಳ ಕಡೆ ತಿರುಗಿ.

"ಐದು ಸಲ ಶುರುಮಾಡಿದೆ ಅಮ್ಮಾ. ಐದನೇ ಸಲ ನೀನು ನನ್ನ ಬಾಯಿಗೆ ಈರುಳ್ಳಿ ರುಚಿ ನೋಡು ಅಂತ ತುರುಕಿದೆ."

ಚುಮ್ಮಾರ್ ಗಂಟಲು ಸರಿಮಾಡಿಕೊಂಡ. "ಟ್ರಯಲ್ ಆದರೇನಂತೆ! ಟ್ರಯಲ್ ಊಟ ಅಂದುಕೊಂಡು ತಿನ್ನಿ ಎಲ್ಲರೂ. ನಿಜವಾದ ಊಟ ಇದಕ್ಕಿಂತ ಜೋರಾಗಿರುತ್ತೆ."

ಜನ ನಕ್ಕು ತಿಂದು ಹೋದರು. ಪೌಲೋಸ್ ಮಾತ್ರ ಅಂದು ರಾತ್ರಿಯವರೆಗೂ ಬಾತುಕೋಳಿ ಸಾರನ್ನು ಮುಟ್ಟಲಿಲ್ಲ. ಫೆಬಾ ಪಾತ್ರೆ ತೊಳೆಯುವಾಗ ಮೂರು ಲೋಟ, ಒಂದು ಸೌಟು ಕುಕ್ಕಿದಳು. ಮೇರ್ಲಿ ಗಂಡನ ಕಡೆ ನೋಡಿ, "ಜೀವ ಬಂತು ನೋಡಿ ಇವಳಿಗೆ. ಗುರುವಾರದವರೆಗೆ ಅಂದನಲ್ಲ ಆ ಬಿನೋಯ್," ಎಂದಳು.

"ಸಾಲು ಬದಲಾಯಿಸಲ್ಲ," ಎಂದ ಪೌಲೋಸ್. "ಅಚ್ಚನ್ ಬಾಯಲ್ಲಿ ಕಾಮರ್ಸ್ ಅಂತ ಬಂದುಬಿಟ್ಟಿದೆ."

ಸೋಮವಾರ ಬೆಳಿಗ್ಗೆ ಚುಮ್ಮಾರ್ ಕಪಾಟಿನ ಮೂವತ್ತು ಪುಸ್ತಕಗಳನ್ನೂ ಕೆಳಗಿಳಿಸಿ, ಫೆಬಾಳ ಹತ್ತಿರವಿದ್ದ ಒಂದನ್ನೂ ಸೇರಿಸಿ ವಿಷಯವಾರು ಗುಡ್ಡೆ ಮಾಡಿದ್ದ.

"ಎಣಿಸು," ಎಂದ ಮಗನಿಗೆ. "ಬಿಟ್ಟು ಹೋದವುಗಳಲ್ಲಿ ಕಾಮರ್ಸ್ ಹದಿನೇಳು. ಪ್ರಾಣಿಶಾಸ್ತ್ರ ಒಂದು. ಅಪ್ಪನ ಮಾತಿಗೆ ಓದಿದವರು ಪುಸ್ತಕ ತಗೊಂಡು ಹೋಗೋಕೂ ಬರಲ್ಲ."

"ಅಪ್ಪಾ, ಊರಲ್ಲಿ ಕಾಮರ್ಸ್ ಓದುವವರು ನೂರು, ಚಿಟ್ಟೆ ಓದುವವರು ಒಬ್ಬರು. ನೂರರಲ್ಲಿ ಹದಿನೇಳು ಹೆಚ್ಚೋ, ಒಂದರಲ್ಲಿ ಒಂದು ಹೆಚ್ಚೋ?"

ಚುಮ್ಮಾರ್ ತಲೆ ಕೆರೆದುಕೊಂಡ. ಕಾಮರ್ಸಿನ ಗುಡ್ಡೆಯನ್ನು ಇನ್ನೊಮ್ಮೆ ಎಣಿಸಿದ. ಎಷ್ಟು ಸಲ ಎಣಿಸಿದರೂ ಹದಿನೇಳೇ.

"ಆ ಒಂದರ ಕಥೆ ಏನಾಯ್ತು ಅಂತ ನೋಡೋಣ," ಎಂದ ಪೌಲೋಸ್, ಗೆದ್ದವನ ದನಿಯಲ್ಲಿ. "ರತ್ನವಲ್ಲಿ, ಮುಲ್ಲಶ್ಶೇರಿ. ಎಂ.ಎಸ್ಸಿ. ಮಾಡಿ ಚಿಟ್ಟೆ ಹಿಡಿದವಳು ಈಗ ಏನು ಮಾಡ್ತಿದ್ದಾಳೆ, ಇವಳೇ ಕಣ್ಣಾರೆ ನೋಡಲಿ. ಆಮೇಲೆ ನಾನೊಂದು ಮಾತೂ ಆಡಲ್ಲ."

"ಪುಸ್ತಕ ಅವರಿಗೆ ಕೊಟ್ಟುಬಿಡಬೇಕಾಗುತ್ತೆ," ಎಂದಳು ಫೆಬಾ ಮೆಲ್ಲಗೆ.

"ಅವಳದೇ ತಾನೇ?"

"ಅವರದೇ."

ಮಂಗಳವಾರ ಲಿಸಿ ಐರ್ಲೆಂಡಿನಿಂದ ಫೋನ್ ಮಾಡಿ ಅಕ್ಕನಿಗೆ ಹೇಳಿದಳು: "ಹನ್ನೆರಡು ಗಂಟೆ ನಿಂತು ಕಾಲು ಕುಂಬಳಕಾಯಿ ಆಗಿದೆ ಕಣೇ. ಇಷ್ಟವಿಲ್ಲದ ಮಗೂನ ಇದಕ್ಕೆ ನೂಕಬೇಡ." ಮೇರ್ಲಿ ಅಂದಿಗೆ ನರ್ಸಿಂಗ್ ಬಿಟ್ಟಳು. ಎರಡು ಕಾರಿನ ಆಸೆ ಬಿಡಲು ಇನ್ನೊಂದು ವಾರ ಹಿಡಿಯಿತು.

ಬುಧವಾರ ಅಜ್ಜ, ಅಪ್ಪ, ಮಗಳು ಮೂವರೂ ಆಟೋ ಹತ್ತಿದರು. ಫೆಬಾ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ದಾರಿಯುದ್ದಕ್ಕೂ ಬೆನ್ನುಪಟ್ಟಿ ಸವರುತ್ತಿದ್ದಳು. ಮುಲ್ಲಶ್ಶೇರಿಯಲ್ಲಿ ಹೆಸರು ಕೇಳಿದ್ದೇ ತಡ, ಕಾಲುವೆ ಪಕ್ಕದ ಮನೆ ತೋರಿಸಿದರು. ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರ, ನೆಲದ ತುಂಬ ಶಾಲೆಯ ನೀಲಿ ಸಮವಸ್ತ್ರ. ಕುತ್ತಿಗೆಗೆ ಅಳತೆಪಟ್ಟಿ ಹಾಕಿಕೊಂಡ ಐವತ್ತರ ಹೆಂಗಸು ತಲೆಯೆತ್ತಿದಳು.

"ಅಂಗಿ ಶನಿವಾರ ಅಂದಿದ್ದೆನಲ್ಲ!"

ಪೌಲೋಸ್ ಮಗಳಿಗೆ ಮೊಣಕೈಯಲ್ಲಿ ತಿವಿದ. ಅವನ ಮುಖದಲ್ಲಿ ಚರ್ಚಿನ ಪೆರುನ್ನಾಳ್ ಹಬ್ಬದ ದೀಪಗಳೆಲ್ಲ ಹೊತ್ತಿಕೊಂಡಿದ್ದವು.

"ಅಂಗಿಗಲ್ಲ ಚೇಚಿ," ಎಂದ ಪೌಲೋಸ್. "ಕುನ್ನಂಕುಳಂ ಬೈಂಡಿಂಗ್‌ನಿಂದ. ನಿಮ್ಮ ಪುಸ್ತಕ ತಲುಪಿಸೋದಿತ್ತು. ಇಪ್ಪತ್ತಾರು ವರ್ಷ, ಸ್ವಲ್ಪ ತಡವಾಯ್ತು."

ರತ್ನವಲ್ಲಿ ಪುಸ್ತಕ ನೋಡಿದಳು. ಯಂತ್ರದ ಚಕ್ರಕ್ಕೆ ಕೈ ಕೊಟ್ಟು ನಿಲ್ಲಿಸಿದಳು. "ಅಯ್ಯೋ ದೇವರೇ! ಕಾಲೇಜಿಗೆ ಮೂರು ಪ್ರತಿ ಕೊಟ್ಟಿದ್ದೆ. ಇದು ನನ್ನದು. ತರೋಕೆ ಬರಬೇಕು ಅನ್ನೋವಾಗ ಮದುವೆ ಆಯ್ತು, ಆಮೇಲೆ ಮಗು. ಬಿಸಾಕಿರ್ತೀರಿ ಅಂದುಕೊಂಡಿದ್ದೆ."

"ಬಿಸಾಕೋದಾ? ಪ್ರವಾಹದಲ್ಲಿ ಇದನ್ನ ತಲೆ ಮೇಲೆ ಹೊತ್ತು ಎಂಟು ಮೈಲಿ ಈಜಿದ್ದೀನಿ ನಾನು," ಎಂದ ಚುಮ್ಮಾರ್. ಅವನಿಗೆ ಈಜು ಬರುವುದಿಲ್ಲ.

ಪೌಲೋಸ್ ವಿಷಯಕ್ಕೆ ಬಂದ. "ಇವಳು ನನ್ನ ಮಗಳು. ನಿಮ್ಮ ಪುಸ್ತಕ ಓದಿ ಪ್ರಾಣಿಶಾಸ್ತ್ರ ಬೇಕು ಅಂತಾಳೆ. ನೀವೇ ಹೇಳಿ ಚೇಚಿ, ಅಷ್ಟು ಓದಿ ಕೊನೆಗೆ ಸಿಕ್ಕಿದ್ದೇನು?"

"ಹೊಲಿಗೆ ಯಂತ್ರ," ಎಂದಳು ರತ್ನವಲ್ಲಿ ನಗುತ್ತ. "ಇದರಿಂದಲೇ ಊಟ. ಸುಳ್ಳು ಯಾಕೆ ಹೇಳಲಿ?"

"ಕೇಳಿದ್ಯಾ ಮಗಳೇ?"

"ಆದರೆ ಆ ಎರಡು ವರ್ಷ ವಾಪಸ್ ಕೊಡು ಅಂದರೆ ಕೊಡಲ್ಲ. ಸಂಶೋಧನೆಗೆ ಹೋಗಬೇಕು ಅಂತಿದ್ದೆ. ಪರೀಕ್ಷೆಯಲ್ಲಿ ಲೆಕ್ಕ ಇತ್ತು, ಹೆದರಿಕೊಂಡು ಬರೀಲಿಲ್ಲ. ಈಗಿನವರಿಗೆ ಚಿಟ್ಟೆ ಗೊತ್ತಿದ್ದರೆ ಸಾಲದು, ಎಣಿಸಿದ್ದನ್ನು ಲೆಕ್ಕಕ್ಕೆ ಕೂರಿಸೋಕೆ ಬರಬೇಕು. ಹೋಗೋದಾದರೆ ಸಂಖ್ಯಾಶಾಸ್ತ್ರ ಜೊತೆಗೆ ತಗೋ ಹುಡುಗಿ. ನನ್ನ ಹಾಗೆ ಹೆದರಬೇಡ." ಹೀಗೆನ್ನುತ್ತ ಪುಟ ತಿರುವುತ್ತಿದ್ದವಳು ತಟಕ್ಕನೆ ನಿಂತಳು. ಕನ್ನಡಕ ಏರಿಸಿದಳು. "ಇಲ್ಲಿ ಪೆನ್ಸಿಲ್‌ನಲ್ಲಿ ಬರೆದಿದ್ದು ಯಾರು?"

ಪೌಲೋಸ್ ಸರಕ್ಕನೆ ಮಗಳ ಕಡೆ ತಿರುಗಿದ. ಗಿರಾಕಿಯ ಪುಸ್ತಕದಲ್ಲಿ ಗೀಚುವುದೇ!

"ನಾನು," ಎಂದಳು ಫೆಬಾ. "ಅಳಿಸಿಬಿಡ್ತೀನಿ."

"ಏನಂತ ಬರೆದಿದ್ದೀಯ, ನೀನೇ ಹೇಳು."

"ನೀವು ಮೂವತ್ತೊಂಬತ್ತು ಜಾತಿ ಅಂತ ಬರೆದಿದ್ದೀರಿ. ಮೂವತ್ತೆಂಟೇ. ಇಲ್ಲಿರೋ ಕೆಂಪುದು, ಮುಂದಿನ ಪುಟದ ಹಳದಿಯದು, ಎರಡು ಜಾತಿ ಅಲ್ಲ. ಗಂಡ ಹೆಂಡತಿ. ನಮ್ಮ ಕಾರ್ಖಾನೆ ಹಿಂದಿನ ಮೋರಿಯಲ್ಲಿ ಮೂರು ವರ್ಷ ನೋಡಿದೆ. ಯಾವಾಗಲೂ ಕೆಂಪುದು ಹಳದೀನೇ ಹಿಡಿಯುತ್ತೆ, ಮೊಟ್ಟೆ ಇಡೋದು ಹಳದಿ ಒಂದೇ."

ರತ್ನವಲ್ಲಿ ಎರಡೂ ಪುಟಗಳನ್ನು ಹಿಂದೆಮುಂದೆ ಮಾಡಿದಳು. ಆಮೇಲೆ ಅಳತೆಪಟ್ಟಿ ಕುಣಿಯುವಂತೆ ನಗಲು ಶುರುಮಾಡಿದಳು. "ಮೂರು ಜನ ಪರೀಕ್ಷಕರು ಓದಿ ಸಹಿ ಹಾಕಿದ್ದಾರಪ್ಪಾ ಇದಕ್ಕೆ! ಇಪ್ಪತ್ತಾರು ವರ್ಷದಿಂದ ಗಂಡ ಹೆಂಡತೀನ ಬೇರೆ ಬೇರೆ ಪುಟದಲ್ಲಿ ಇಟ್ಟಿದ್ದೆನಲ್ಲ ನಾನು!"

ಪೌಲೋಸ್ ನಗಲಿಲ್ಲ. ಪುಸ್ತಕ ಕೇಳಿ ತೆಗೆದುಕೊಂಡ. ಆ ಎರಡು ಪುಟಗಳ ಮೇಲೆ ಹೆಬ್ಬೆರಳು ಆಡಿಸಿದ. ಇದು ಅವನೇ ಹೊಲಿದ ಪುಸ್ತಕ. ಅವನೇ ಪರ್ ಎಂದು ಹಾರಿಸಿ, ಸರಿಯಿದೆ ಎಂದು ಮುಚ್ಚಿದ್ದು.

"ಒಳಗೆ ತಪ್ಪು ಇಟ್ಟುಕೊಂಡೇ ಹೊಲಿದಿದ್ದೀನಿ," ಎಂದ.

"ಅದು ನಿಮಗೆ ಕಾಣೋ ಥರದ್ದಲ್ಲ ಅಪ್ಪಾ."

"ನಿನಗೆ ಕಂಡಿತಲ್ಲ."

ವಾಪಸ್ ಬರುವಾಗ ಆಟೋದಲ್ಲಿ ಚುಮ್ಮಾರ್ ಒಬ್ಬನೇ ಮಾತಾಡಿದ. ಗುರುವಾಯೂರು ದಾಟುವಷ್ಟರಲ್ಲಿ ಮೂವರು ಪರೀಕ್ಷಕರು ಏಳು ಪ್ರೊಫೆಸರುಗಳಾಗಿದ್ದರು, ಅವರಲ್ಲಿ ಇಬ್ಬರು ಲಂಡನ್ನಿನವರು. ಫೆಬಾಳ ಮಡಿಲು ಖಾಲಿಯಿತ್ತು, ಕೈ ಎಲ್ಲಿಡಬೇಕೆಂದು ಅವಳಿಗೆ ತೋಚುತ್ತಿರಲಿಲ್ಲ.

ಗುರುವಾರ ಸಂಜೆ ನಾಲ್ಕೂವರೆಗೆ ಪೌಲೋಸ್ ಅಂಟಿನ ಕೈ ತೊಳೆದು ಅಂಗಿ ಹಾಕಿಕೊಂಡ. "ಬಾ," ಎಂದ ಮಗಳಿಗೆ.

"ಎಂಟನೇ ಸಾಲನ್ನ ಮೇಲಕ್ಕೆ ತಾ," ಎಂದ ಬಿನೋಯಿಗೆ. "ಮೊದಲನೇದು ಮಾಡು."

"ಕಾಮರ್ಸ್ ಎಂಟಕ್ಕೆ ಹೋಗಲಾ?"

"ಎರಡಕ್ಕಿರಲಿ! ನನಗೇನು ತಲೆ ಕೆಟ್ಟಿದೆಯಾ? ಅದು ಸಿಗದಿದ್ದರೆ ಇದಾದರೂ ಬೇಡವಾ?"

"ಅದಕ್ಕೆ ಸೀಟು ಕಮ್ಮಿ ಪೌಲೋಸೇಟ್ಟಾ, ಸಿಗುತ್ತೆ ಅಂತ ಹೇಳೋಕಾಗಲ್ಲ."

"ಸಿಗದಿದ್ದರೆ ಕಾಮರ್ಸ್ ಓದ್ತೀನಿ, ಮುಖ ಊದಿಸದೆ," ಎಂದಳು ಫೆಬಾ. "ಸಿಕ್ಕಿದರೆ ಮೈನರ್ ಸಂಖ್ಯಾಶಾಸ್ತ್ರ. ಶನಿವಾರ ಕಾರ್ಖಾನೆ ಕೆಲಸ ನನ್ನದೇ."

ಇಪ್ಪತ್ತೊಂದರವರೆಗೆ ಮನೆಯಲ್ಲಿ ಯಾರಿಗೂ ಊಟ ಸರಿಯಾಗಿ ಇಳಿಯಲಿಲ್ಲ. ಚುಮ್ಮಾರ್ ಮಾತ್ರ ಎಂದಿನಂತೆ ಮೂರು ಸಲ ಹಾಕಿಸಿಕೊಂಡ, ಧೈರ್ಯಕ್ಕೆಂದು. ಅಂದು ಸಂದೇಶ ಬಂದಾಗ ಪೌಲೋಸ್ ಬೀದಿಗೆ ಓಡಲಿಲ್ಲ. ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿದ. ಎಲ್ಲೂ ಟ್ರಯಲ್ ಎಂಬ ಮಾತಿಲ್ಲವೆಂದು ಖಾತ್ರಿಯಾದ ಮೇಲೆ, ಅಚ್ಚುಮೊಳೆ ಜೋಡಿಸಿದಷ್ಟು ನಿಧಾನವಾಗಿ ಹೇಳಿದ: "ಪ್ರಾಣಿಶಾಸ್ತ್ರ. ತ್ರಿಶೂರು. ಸಿಕ್ಕಿದೆ."

ಊರಿಗೆ ಊಟ ಹಾಕಲು ಈ ಸಲ ಯಾರಿಗೂ ಧೈರ್ಯವಿರಲಿಲ್ಲ. ಮೇರ್ಲಿ ಕಂಜಿ, ಹೆಸರುಕಾಳಿನ ಪಲ್ಯ, ಸುಟ್ಟ ಹಪ್ಪಳ ಮಾಡಿದಳು. ನಾಲ್ವರೂ ಎರಡೆರಡು ಬಟ್ಟಲು ಕುಡಿದರು. ಚಹಾದಂಗಡಿಯಲ್ಲಿ ಚುಮ್ಮಾರ್ ಹೇಳಿದ್ದನ್ನು ಯಾರೂ ನಂಬಲಿಲ್ಲ. ಅವನ ಜೀವಮಾನದಲ್ಲಿ ಅವನು ಉತ್ಪ್ರೇಕ್ಷೆಯಿಲ್ಲದೆ ಹೇಳಿದ ಒಂದೇ ಸುದ್ದಿ ಅದು.

ಜುಲೈ ಒಂದರಂದು ಕಾಲೇಜು. ಅದರ ಹಿಂದಿನ ದಿನ ಪೌಲೋಸ್ ಅಂಟಿನ ಬೋಗುಣಿ ತೊಳೆಯಲು ಕಾರ್ಖಾನೆಯ ಹಿಂದಕ್ಕೆ ಹೋದ. ಇಪ್ಪತ್ತೆಂಟು ವರ್ಷದಿಂದ ಅದೇ ಮೋರಿಗೆ ನೀರು ಸುರಿದವನು. ಸುರಿಯಲು ಬಗ್ಗಿದವನು ಹಾಗೇ ನಿಂತ. ಒಣಗಿದ ಕೆಸುವಿನ ದಂಟಿನ ಮೇಲೆ ಒಂದು ಕೆಂಪು, ಅದರ ಪಕ್ಕಕ್ಕೆ ಒಂದು ಹಳದಿ.

ಬೋಗುಣಿಯನ್ನು ಸದ್ದಾಗದಂತೆ ಕೆಳಗಿಟ್ಟ.

"ಫೆಬಾ," ಎಂದು ಪಿಸುದನಿಯಲ್ಲಿ ಕೂಗಿದ. ಪೌಲೋಸನ ಪಿಸುದನಿ ಚಾವಕ್ಕಾಡಿನ ಕಡಲತೀರದವರೆಗೆ ಕೇಳುತ್ತದೆ. "ಬರೆಯೋಕೆ ಒಂದು ನೋಟ್‌ಬುಕ್ ತಗೊಂಡು ಬಾ ಬೇಗ. ಇಬ್ಬರು ಬಂದಿದ್ದಾರೆ. ಒಂದೇ ಜಾತಿ ಅಂತ ಬರ್ಕೋ."